ನಾಲ್ಕನೆಯ ಮೂಲೆ

ವಿನೋಬನಗರ, ದಾವಣಗೆರೆ
೧೨ ಜೂನ್ ೨೦೨೫

ಚಿ. ಸೌ. ಹಜೀರಾಬೀಗೆ,

ನಿನ್ನ ವಿಳಾಸವನ್ನು ಮೌಲಾ ಸಾಬ್‌ನಿಂದ ಪಡೆದೆ. ನಮ್ಮ ಬೀದಿಯ ತಿರುವಿನಲ್ಲಿ ಗಾದಿ ಅಂಗಡಿ ಇಟ್ಟಿರುವವನು ನಿನ್ನ ತಮ್ಮನೆಂಬುದು ನನಗೆ ತಿಳಿದದ್ದು ಕಳೆದ ವಾರ. ಹರಿಹರದ ಶಾಲೆಯಲ್ಲಿ, ಏಳನೆಯ ತರಗತಿಯ ಎರಡನೆಯ ಸಾಲಿನಲ್ಲಿ, ಕಿಟಕಿಯ ಪಕ್ಕ ಕೂರುತ್ತಿದ್ದ ಹಜೀರಾಬೀ ನೀನೇ ಎಂದು ಭಾವಿಸಿ ಬರೆಯುತ್ತಿದ್ದೇನೆ. ಬೇರೆಯವಳಾಗಿದ್ದರೆ ಈ ಕಾಗದವನ್ನು ದಯವಿಟ್ಟು ಹಿಂದಿರುಗಿಸತಕ್ಕದ್ದು.

ವಿಷಯಕ್ಕೆ ಬರುತ್ತೇನೆ. ನಮ್ಮ ಬಡಾವಣೆಯ ಮಹಿಳಾ ಸಂಘದಲ್ಲಿ ಹನ್ನೆರಡು ಮಂದಿ ಸದಸ್ಯೆಯರಿದ್ದೇವೆ. ಆಸ್ಪತ್ರೆಯ ಬಾಣಂತಿಯರ ವಾರ್ಡಿನಲ್ಲಿ ಬಡವರ ಶಿಶುಗಳಿಗಾಗಿ ತಲಾ ಒಂದು ಸಣ್ಣ ಕೌದಿಯನ್ನು ದಾನ ಮಾಡಬೇಕೆಂದು ನಿರ್ಣಯವಾಗಿದೆ. ಆಗಸ್ಟ್ ಮೂವತ್ತರ ಶನಿವಾರ ಒಪ್ಪಿಸಬೇಕು. ಉಳಿದ ಹನ್ನೊಂದು ಮಂದಿ ಅಂಗಡಿಯಿಂದ ತರುವವರಿದ್ದಾರೆ. ಸ್ವಂತ ಕೈಯಿಂದ ಹೊಲಿಯದ ವಸ್ತುವಿಗೆ ದಾನವೆಂಬ ಪದವನ್ನು ಬಳಸುವುದು ತಪ್ಪು ಎಂದು ನಾನು ಸಭೆಯಲ್ಲಿ ಹೇಳಿದೆ. ಹೇಳಿದ ಮೇಲೆ ಹೊಲಿಯಲೇಬೇಕು.

ಹೊಲಿಗೆ ಯಂತ್ರವಿದೆ. ಹದಿನಾಲ್ಕು ವರ್ಷಗಳ ಹಿಂದೆ ನಾನು ನಿವೃತ್ತಳಾದ ದಿನ ಸಹೋದ್ಯೋಗಿಗಳು ಕೊಟ್ಟದ್ದು. ಮುಸುಕು ತೆಗೆದದ್ದು ಮೊನ್ನೆ. ನೀನು ಗುತ್ತೂರಿನಲ್ಲಿ ಯಂತ್ರದ ಮೇಲೆ ಕೌದಿಗಳನ್ನೇ ಹೊಲಿದು ಜೀವನ ಸಾಗಿಸುತ್ತಿರುವೆ ಎಂದು ತಿಳಿದು ಸಂತೋಷವಾಯಿತು. ಮೊದಲಿನಿಂದ ಕೊನೆಯವರೆಗೆ ಏನು ಮಾಡಬೇಕೆಂಬುದನ್ನು ಕ್ರಮವಾಗಿ ಬರೆದು ತಿಳಿಸು.

ದೂರವಾಣಿ ಮಾಡಬೇಡ. ಆಡಿದ ಮಾತು ನಿಲ್ಲುವುದಿಲ್ಲ, ಕಾಗದ ನಿಲ್ಲುತ್ತದೆ.

ಇಂತು,
ಬಿ. ಎಂ. ಬಸವಣ್ಣೆಮ್ಮ
ನಿವೃತ್ತ ಮುಖ್ಯೋಪಾಧ್ಯಾಯಿನಿ


ಗುತ್ತೂರು, ಹರಿಹರ
೧೮ ಜೂನ್ ೨೦೨೫

ಟೀಚರ್‌ಗೆ ಹಜೀರಾ ಮಾಡೋ ಸಲಾಂ, ನಮಸ್ಕಾರ.

ನಾನೇ ಟೀಚರ್ ಅದು. ಕಿಟಕಿ ಪಕ್ಕ ಕೂಡ್ತಿದ್ದ ಹಜೀರಾ. ನಿಮ್ಮ ಕಾಗದ ಬಂದಾಗ ಕೈ ತೊಳ್ಕೊಂಡು ಬಂದು ತೆಗ್ದೆ. ನಮ್ಮನೆಯವ್ರು "ಯಾಕ, ಕೋರ್ಟ್ ನೋಟೀಸು ಬಂತಾ?" ಅಂದ್ರು. ನಾನು ಕಾಗದ ಬರ್ದು ಎಷ್ಟು ವರ್ಷ ಆಯ್ತೋ. ತಪ್ಪು ಇದ್ರೆ ಮೊದಲಿನ ಹಂಗೆ ಕೆಂಪು ಶಾಯಿಲಿ ತಿದ್ರಿ. ಬೇಜಾರು ಮಾಡ್ಕೊಳಲ್ಲ.

ಕೌದಿ ಸುಲಭ ಐತೆ. ಮೊದಲು ಬಟ್ಟೆ ಎಲ್ಲಾ ತೊಳೀರಿ. ತೊಳೀದೇ ಹೊಲಿದ್ರೆ ಆಮೇಲೆ ಒಂದು ಪದರ ಕುಗ್ತೈತೆ, ಒಂದು ಕುಗ್ಗಲ್ಲ, ಮುದುಡ್ಕೊಂತೈತೆ. ಮ್ಯಾಲೆ ಹೊಸ ಬಟ್ಟೆ, ನಡುವೆ ಹಳೇ ನೂಲಿನ ಸೀರೆ ಎರಡು ಮಡಿಕೆ, ಕೆಳಗೆ ಅಸ್ತರು. ಒಂದು ಗಜ ಉದ್ದ, ಒಂದು ಗಜ ಅಗಲ ಸಾಕು. ಮೂರೂ ಪದರ ನೆಲದ ಮ್ಯಾಲೆ ಹಾಸಿ, ಕೈಲಿ ದೊಡ್ಡ ದೊಡ್ಡದಾಗಿ ಕಚ್ಚಾ ಹೊಲಿಗೆ ಹಾಕ್ರಿ. ಗುಂಡುಸೂಜಿ ಬ್ಯಾಡ. ಒಂದು ಮರ್ತು ಒಳಗೆ ಉಳಿದ್ರೂ ಕೂಸಿಗೆ ಚುಚ್ತೈತೆ. ಆಮೇಲೆ ಮಿಷಿನ್ ಮ್ಯಾಲೆ ಕೌದಿನ ಮದ್ಯದಿಂದ ಶುರು ಮಾಡಿ ಹೊರಗೆ ಬರ್ರಿ. ಅಂಚಿನಿಂದ ಒಳಗೆ ಹೋಗಬ್ಯಾಡ್ರಿ. ಸುಕ್ಕೆಲ್ಲಾ ನಡುವೆ ಬಂದು ಗುಡ್ಡ ಆಗ್ತೈತೆ. ಕೊನೀಗೆ ಸುತ್ತ ಅಂಚಿನ ಪಟ್ಟಿ.

ನಮ್ಮನ್ಯಾಗೆ ದೊಡ್ಡ ಕೌದಿಗೆ ತಾಯಿ ಅಂತೀವಿ, ಸಣ್ಣದಕ್ಕೆ ಕೂಸು ಅಂತೀವಿ. "ಇವತ್ತು ಎರಡು ತಾಯಿ, ಒಂದು ಕೂಸು ಆಯ್ತು" ಅಂದ್ರೆ ಕೇಳಿದವ್ರು ಗಾಬರಿ ಬೀಳ್ತಾರೆ.

ನಾನೂ ಈಗ ಒಂದು ಕೂಸು ಹೊಲೀತಾ ಇದೀನಿ. ಮಗಳು ಸಾಯಿಮಾಗೆ ಏಳರಾಗೆ ಬಿದ್ದೈತೆ. ಹಿಂದೆ ಎರಡು ಸಲ ನಿಲ್ಲಲಿಲ್ಲ. ಡಾಕ್ಟ್ರು ಮಲಗೇ ಇರಬೇಕು ಅಂದಾರೆ, ತವರಿಗೆ ಕರ್ಕೊಂಡು ಬಂದೀನಿ. ಈ ಸಲ ಒಂದು ಉಳಿದ್ರೆ ಸಾಕು. ನಮ್ಮ ಕಡೆ ಒಂದು ರೂಢಿ ಐತೆ. ಹುಟ್ಟೋಕೆ ಮುಂಚೆ ಕೌದಿ ಮುಗಿಸಲ್ಲ. ಮೂರು ಮೂಲೆ ಮುಚ್ಚಿ ನಾಲ್ಕನೇದು ಗೇಣುದ್ದ ಬಿಟ್ಟಿರ್ತೀವಿ. ಕೂಸು ಹುಟ್ಟಿ ಅತ್ತ ಮೇಲೆ ಮುಚ್ಚೋದು.

ಇಂತಿ ನಿಮ್ಮ ವಿದ್ಯಾರ್ಥಿನಿ,
ಹಜೀರಾ


ವಿನೋಬನಗರ
೨೫ ಜೂನ್ ೨೦೨೫

ಚಿ. ಸೌ. ಹಜೀರಾಬೀಗೆ,

ನಿನ್ನ ಕಾಗದವನ್ನು ತಿದ್ದಿ ಇದರೊಂದಿಗೆ ಹಿಂದಿರುಗಿಸಿದ್ದೇನೆ. ಒಟ್ಟು ಮೂವತ್ತೊಂದು ತಪ್ಪುಗಳಿವೆ. ಮೂವತ್ತೇಳು ವರ್ಷಗಳ ಅಂತರವನ್ನು ಗಮನಿಸಿದರೆ ಇದು ಹೆಚ್ಚಲ್ಲ. ಅಕ್ಷರ ಇನ್ನೂ ದುಂಡಗಿದೆ.

ಮುಖ್ಯವಾದ ಮೂರನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಕೌದಿಯನ್ನು "ಮದ್ಯದಿಂದ" ಆರಂಭಿಸಬೇಕೆಂದು ಬರೆದಿರುವೆ. ಮದ್ಯವೆಂದರೆ ಹೆಂಡ. ನಾನು ಯಾವ ಕೆಲಸವನ್ನೂ ಅದರಿಂದ ಆರಂಭಿಸುವವಳಲ್ಲ. ನಡುವೆ ಎಂಬ ಅರ್ಥದಲ್ಲಿ "ಮಧ್ಯ" ಎಂದು, ಮಹಾಪ್ರಾಣದೊಂದಿಗೆ, ಹತ್ತು ಸಲ ಬರೆದು ಕಳುಹಿಸು. ಎರಡನೆಯದಾಗಿ, "ಟೀಚರ್" ಎಂಬ ಪದವನ್ನು ಬಿಡು. ಕನ್ನಡದಲ್ಲಿ ಉಪಾಧ್ಯಾಯಿನಿ ಎಂಬ ಪದವಿದೆ. ಮೂರನೆಯದಾಗಿ, ನಿರ್ಜೀವ ವಸ್ತುವನ್ನು "ಕೂಸು" ಎಂದು ಕರೆಯುವುದು ಮನೆಯ ಒಳಗಿನ ಸಲುಗೆಗೆ ಸರಿಹೋಗಬಹುದು, ಬರವಣಿಗೆಗೆ ಸಲ್ಲದು. ಕೂಸೆಂದರೆ ಕೂಸು, ಕೌದಿಯೆಂದರೆ ಕೌದಿ. ಓದುವವರಿಗೆ ಎರಡರ ನಡುವೆ ಸಂದೇಹ ಬರಬಾರದು.

ನಾಲ್ಕನೆಯ ಮೂಲೆಯನ್ನು ತೆರೆದಿಡುವ ರೂಢಿಗೆ ಆಧಾರವೇನೂ ಕಾಣುವುದಿಲ್ಲ. ತೆರೆದ ಮೂಲೆಯಿಂದ ಧೂಳು ಒಳಸೇರುತ್ತದೆ. ನನ್ನ ಕೌದಿಗೆ ನಾಲ್ಕು ಮೂಲೆಗಳೂ ಮುಚ್ಚಿರುತ್ತವೆ.

ಬಟ್ಟೆಗಳನ್ನು ತೊಳೆದು ಇಸ್ತ್ರಿ ಮಾಡಿದ್ದೇನೆ. ಕಚ್ಚಾ ಹೊಲಿಗೆ ಮುಗಿದಿದೆ. ಯಂತ್ರದ ಮೇಲೆ ಮೊದಲ ಸಾಲು ಹಾಕಿದಾಗ ಮೇಲಿನ ಬಟ್ಟೆ ಮುಂದೆ ಸರಿದು ಅಲೆಗಳೆದ್ದವು. ಕಾರಣ ತಿಳಿಸು.

ಸಾಯಿಮಾ ವೈದ್ಯರು ಹೇಳಿದಂತೆ ನಡೆದುಕೊಳ್ಳಲಿ. ಆಕೆಗೆ ನನ್ನ ಆಶೀರ್ವಾದ.

ಬಿ. ಎಂ. ಬಸವಣ್ಣೆಮ್ಮ


ಗುತ್ತೂರು
೩ ಜುಲೈ ೨೦೨೫

ಟೀಚರ್‌ಗೆ ನಮಸ್ಕಾರ.

ಮಧ್ಯ ಮಧ್ಯ ಮಧ್ಯ ಮಧ್ಯ ಮಧ್ಯ ಮಧ್ಯ ಮಧ್ಯ ಮಧ್ಯ ಮಧ್ಯ ಮಧ್ಯ. ಹತ್ತು ಆತು, ಎಣಿಸ್ಕೊಳ್ರಿ.

ಸಾಯಿಮಾ ಮಂಚದ ಮ್ಯಾಲೆ ಮಲ್ಕೊಂಡು ಹೊಟ್ಟೆ ಹಿಡ್ಕೊಂಡು ನಗ್ತಾಳೆ. "ಅಮ್ಮಿಗೆ ಐವತ್ತಕ್ಕೆ ಹೋಮ್‌ವರ್ಕ್!" ಅಂತಾಳೆ. "ನಗಬ್ಯಾಡ್ವೇ, ಒಳಗಿರೋದು ಅಲ್ಲಾಡ್ತೈತೆ" ಅಂದ್ರೆ, "ಅದೂ ಕಲೀಲಿ ಬಿಡು, ಹೊರಗೆ ಬಂದ್ಮೇಲೆ ಟೀಚರ್ ಅದನ್ನೂ ಬಿಡಲ್ಲ" ಅಂತಾಳೆ. ಎಷ್ಟೋ ದಿವ್ಸ ಆಗಿತ್ತು ಅವಳು ಹಿಂಗೆ ನಕ್ಕು. ಅದಕ್ಕೇ ನಿಮ್ಮ ಕಾಗದ ಜೋರಾಗಿ ಓದಿ ಹೇಳ್ತೀನಿ.

ಟೀಚರ್ ಅನ್ನೋದು ಬಿಡಾಕೆ ಆಗಲ್ಲ. ಉಪಾಧ್ಯಾಯಿನಿ ಅಂದ್ರೆ ಯಾರೋ ಬ್ಯಾರೆಯವ್ರು ಅನ್ಸುತ್ತೆ.

ಮ್ಯಾಲಿನ ಬಟ್ಟೆ ಸರಿಯೋದು ಬಟ್ಟೆ ಒತ್ತೋ ಕಾಲು ಬಿಗಿ ಇರೋದಕ್ಕೆ. ಮಿಷಿನ್ ತಲೆ ಮ್ಯಾಲೆ ತಿರುಪು ಇರ್ತೈತೆ ನೋಡ್ರಿ, ಅದನ್ನ ಎರಡು ಸುತ್ತು ಸಡಿಲ ಮಾಡ್ರಿ. ಹೊಲಿಗೆ ಉದ್ದ ಮಾಡ್ರಿ, ರವಿಕೆ ಹೊಲಿಯೋ ಅಷ್ಟು ಸಣ್ಣದು ಬ್ಯಾಡ. ಎರಡೂ ಅಂಗೈ ಬಟ್ಟೆ ಮ್ಯಾಲೆ ಚಪ್ಪಟೆ ಇಟ್ಟು ಮೆಲ್ಲಗೆ ಬಿಡ್ರಿ. ಎಳೀಬ್ಯಾಡ್ರಿ. ನೀವು ಎಳೀತೀರಿ ಅಂತ ನಂಗೆ ಗೊತ್ತು.

ಸಾಯಿಮಾ ಕೂಸಿಗೆ ಹಳದಿ ಬಟ್ಟೆ ತಂದೀನಿ. ಅವಳೇ ಆರಿಸಿದ್ದು. ಅರಿಶಿನದ ಹಳದಿ ಅಲ್ಲ, ಎಳೇ ಬಿಸಿಲಿನ ಹಳದಿ. ಮೂರು ಮೂಲೆ ಆಗೈತೆ.

ಹಜೀರಾ


ವಿನೋಬನಗರ
೧೪ ಜುಲೈ ೨೦೨೫

ಚಿ. ಸೌ. ಹಜೀರಾಬೀಗೆ,

ತಿರುಪನ್ನು ಸಡಿಲಿಸಿದೆ. ಅಲೆಗಳು ನಿಂತವು. ಎಳೆಯುತ್ತೇನೆಂದು ನೀನು ಊಹಿಸಿದ್ದು ಸರಿಯಲ್ಲ. ಒಂದೆರಡು ಸಲ ಮಾತ್ರ ಎಳೆದಿದ್ದೆ.

ಮೇಲಿನ ಬಟ್ಟೆಯ ವಿನ್ಯಾಸದಲ್ಲಿ ಒಂದು ಸಣ್ಣ ಬದಲಾವಣೆ ಮಾಡಬೇಕಾಗಿದೆ. ನಡುವಿನಲ್ಲಿ ಒಂದು ಚೌಕವನ್ನು ಬೇರೆ ಬಣ್ಣದಲ್ಲಿ ಕೂಡಿಸಿದರೆ ಶೋಭಿಸುತ್ತದೆ ಎಂದು ತೋರಿತು. ಸಾಯಿಮಾಳ ಕೂಸಿಗೆ ತಂದ ಹಳದಿ ಬಟ್ಟೆಯಲ್ಲಿ ಏನಾದರೂ ಉಳಿಯಿತೇ? ಉಳಿದಿದ್ದರೆ ಅರ್ಧ ಗಜದಷ್ಟನ್ನು ಮೌಲಾ ಸಾಬ್‌ನ ಕೈಯಲ್ಲಿ ಕಳುಹಿಸು.

ಸಂಘದವರು ಮೊನ್ನೆ ನನ್ನ ಕೌದಿ ಎಷ್ಟಾಯಿತೆಂದು ಕೇಳಿದರು. ಮುಗಿಯುತ್ತ ಬಂದಿದೆ ಎಂದೆ. ಅದು ಅಷ್ಟು ನಿಖರವಾದ ಉತ್ತರವಲ್ಲ.

ನಿನ್ನ ಕಳೆದ ಕಾಗದದಲ್ಲಿ ಇಪ್ಪತ್ತೆರಡು ತಪ್ಪುಗಳು. ಪ್ರಗತಿ ಇದೆ.

ಬಿ. ಎಂ. ಬಸವಣ್ಣೆಮ್ಮ


ಗುತ್ತೂರು
೨೯ ಜುಲೈ ೨೦೨೫

ಟೀಚರ್‌ಗೆ,

ಉಳೀತಾ ಅಂತ ಕೇಳಿದ್ರಿ. ಬಟ್ಟೆ ಉಳೀತು. ಕೂಸು ಉಳೀಲಿಲ್ಲ.

ಬಟ್ಟೆ ಮೌಲಾ ಕೈಲಿ ಕಳಿಸೀನಿ.

ಹಜೀರಾ


ವಿನೋಬನಗರ
೨ ಆಗಸ್ಟ್ ೨೦೨೫

ಚಿ. ಸೌ. ಹಜೀರಾಬೀಗೆ,

ಹಳದಿ ಬಟ್ಟೆ ತಲುಪಿತು. ಬಣ್ಣ ನೀನು ಬಣ್ಣಿಸಿದಂತೆಯೇ ಇದೆ. ಪೊಟ್ಟಣವನ್ನು ಕೊಡುತ್ತ ಮೌಲಾ ಸಾಬ್ ಬಹಳ ಹೊತ್ತು ಏನನ್ನೋ ಹೇಳಿದ. ರಸ್ತೆಯ ಗದ್ದಲದಲ್ಲಿ ಪೂರ್ತಿಯಾಗಿ ಕೇಳಿಸಲಿಲ್ಲ. ಕೈಯೆತ್ತಿ ಆಕಾಶವನ್ನು ತೋರಿಸಿದ್ದರಿಂದ ಮಳೆಯ ವಿಷಯವೆಂದು ತಿಳಿಯಿತು. ತಡವಾದರೂ ಆಗಬೇಕಾದದ್ದು ಆಯಿತಲ್ಲ, ಒಳ್ಳೆಯದೇ ಆಯಿತು ಎಂದೆ. ಅವನು ಹೊರಟುಹೋದ.

ನಿನ್ನ ಕಾಗದ ಈ ಸಲ ತೀರ ಚಿಕ್ಕದು. ಕೆಲಸದ ಒತ್ತಡವಿರಬೇಕು. ಆದರೆ ಚಿಕ್ಕ ಕಾಗದದಲ್ಲಿ ತಪ್ಪುಗಳು ಹೆಚ್ಚು ಎದ್ದು ಕಾಣುತ್ತವೆ. ತಿದ್ದಿ ಕಳುಹಿಸಿದ್ದೇನೆ. "ಉಳೀಲಿಲ್ಲ" ಎಂಬುದು "ಉಳಿಯಲಿಲ್ಲ" ಎಂದಾಗಬೇಕು. ಅಲ್ಲದೆ ಕೌದಿಗೆ "ಕೂಸು" ಎಂಬ ಪದವನ್ನು ಬಳಸಬಾರದೆಂದು ಹಿಂದೆಯೇ ತಿಳಿಸಿದ್ದೆ, ಮತ್ತೆ ಬಳಸಿರುವೆ. ಇದರಿಂದ ಮೂರನೆಯ ವಾಕ್ಯ ಅಸ್ಪಷ್ಟವಾಗಿದೆ. ಸಣ್ಣ ಕೌದಿಯನ್ನು ಯಾರಿಗಾದರೂ ಕೊಟ್ಟೆಯೋ, ಮಾರಿದೆಯೋ ತಿಳಿಯುವುದಿಲ್ಲ. ನಾನು ಕೇಳಿದ್ದು ಬಟ್ಟೆಯನ್ನೇ ಹೊರತು ಕೌದಿಯನ್ನಲ್ಲ.

"ಸಣ್ಣ ಕೌದಿ ಉಳಿಯಲಿಲ್ಲ" ಎಂದು ಹತ್ತು ಸಲ ಬರೆದು ಕಳುಹಿಸು. ಸಾಯಿಮಾಳಿಗೂ ಓದಿ ಹೇಳು, ನಗಲಿ.

ಬಿ. ಎಂ. ಬಸವಣ್ಣೆಮ್ಮ


ವಿನೋಬನಗರ
೧೧ ಆಗಸ್ಟ್ ೨೦೨೫

ಚಿ. ಸೌ. ಹಜೀರಾಬೀಗೆ,

ಮನೆಪಾಠ ಬಂದಿಲ್ಲ. ಅಂಚೆಯವನನ್ನು ವಿಚಾರಿಸಿದೆ. ಗುತ್ತೂರಿನಿಂದ ಏನೂ ಬಂದಿಲ್ಲವೆಂದು ತಲೆಯಾಡಿಸಿದ.

ಹಳದಿ ಚೌಕವನ್ನು ನಡುವೆ ಕೂಡಿಸಿ, ಅದರ ಮಧ್ಯದಿಂದ ಹೊರಕ್ಕೆ ಹನ್ನೆರಡು ಸಾಲು ಹೊಲಿದಿದ್ದೇನೆ. ಸಾಲುಗಳು ಬಹುಮಟ್ಟಿಗೆ ನೇರವಾಗಿವೆ. ಅಂಚಿನ ಪಟ್ಟಿಯೊಂದು ಬಾಕಿ. ಪಟ್ಟಿಯನ್ನು ಅಡ್ಡಲಾಗಿ ಕತ್ತರಿಸಬೇಕೋ, ಓರೆಯಾಗಿ ಕತ್ತರಿಸಬೇಕೋ? ನಿನ್ನ ಉತ್ತರ ಬರುವವರೆಗೆ ಕತ್ತರಿಯನ್ನು ಮುಟ್ಟುವುದಿಲ್ಲ. ಹಿಂದೆ ಒಮ್ಮೆ ಕೇಳದೆ ಮುಟ್ಟಿದ್ದೆ. ನಡುವಿನ ಚೌಕ ವಿನ್ಯಾಸಕ್ಕಾಗಿ ಬಂದದ್ದಲ್ಲವೆಂಬುದನ್ನು ನೀನು ಊಹಿಸಿರಬಹುದು. ಕತ್ತರಿ ಜಾರಿ ಅಲ್ಲೊಂದು ತೂತು ಬಿದ್ದಿತ್ತು.

ಮೌಲಾ ಸಾಬ್ ನನ್ನನ್ನು ಕಂಡರೆ ಹತ್ತಿ ಬಿಡಿಸುವುದರಲ್ಲಿ ಮಗ್ನನಾಗುತ್ತಾನೆ.

ಕೆಂಪು ಶಾಯಿಯಿಂದ ಬೇಸರವಾಗಿದ್ದರೆ ಹೇಳು. ಸಾಯಿಮಾಳಿಗೆ ಎಂಟು ತುಂಬಿತೇ?

ಬಿ. ಎಂ. ಬಸವಣ್ಣೆಮ್ಮ


ಗುತ್ತೂರು
೧೫ ಆಗಸ್ಟ್ ೨೦೨೫

ಕೂಸು ಉಳಿಯಲಿಲ್ಲ.
ಕೂಸು ಉಳಿಯಲಿಲ್ಲ.
ಕೂಸು ಉಳಿಯಲಿಲ್ಲ.
ಕೂಸು ಉಳಿಯಲಿಲ್ಲ.
ಕೂಸು ಉಳಿಯಲಿಲ್ಲ.
ಕೂಸು ಉಳಿಯಲಿಲ್ಲ.
ಕೂಸು ಉಳಿಯಲಿಲ್ಲ.
ಕೂಸು ಉಳಿಯಲಿಲ್ಲ.
ಕೂಸು ಉಳಿಯಲಿಲ್ಲ.
ಕೂಸು ಉಳಿಯಲಿಲ್ಲ.

ಉಳಿಯಲಿಲ್ಲ ಅನ್ನೋದು ತಿದ್ಕೊಂಡೀನಿ ಟೀಚರ್. ಕೂಸು ಅನ್ನೋದು ತಿದ್ದಾಕೆ ಬರಲ್ಲ. ಸಣ್ಣ ಕೌದಿ ಉಳಿದೈತೆ. ಉಳಿಯದೇ ಇದ್ದದ್ದು ಕೂಸು.

ಜುಲೈ ಇಪ್ಪತ್ತೊಂದಕ್ಕೆ ಹುಟ್ತು. ಹೆಣ್ಣು. ಅಳಲಿಲ್ಲ. ಹಂಗಾಗಿ ಕೌದಿ ಮೂಲೆ ಹಂಗೇ ಬಿಟ್ಟೀವಿ. ಸಾಯಿಮಾ ಅದನ್ನ ತಲೆದಿಂಬಿನ ಕೆಳಗೆ ಇಟ್ಕೊಂಡಾಳೆ. ಮಾತಾಡಲ್ಲ. ನಿಮ್ಮ ಕಾಗದ ಓದಿ ಹೇಳಲಿಲ್ಲ.

ಮೌಲಾ ನಿಮಗೆ ಹೇಳಿದ್ನಂತೆ. ನೀವು ಒಳ್ಳೇದೇ ಆತು ಅಂದ್ರಂತೆ.

ಪಟ್ಟಿ ಓರೆಯಾಗಿ ಕತ್ತರಿಸ್ರಿ.

ಹಜೀರಾ


ವಿನೋಬನಗರ
೧೮ ಆಗಸ್ಟ್ ೨೦೨೫

ಹಜೀರಾ,

ನಿನ್ನ ಕಾಗದ ಮಧ್ಯಾಹ್ನ ಬಂತು. ತಿದ್ದುವಂಥದ್ದು ಅದರಲ್ಲಿ ಏನೂ ಇಲ್ಲ.

ಜುಲೈ ಇಪ್ಪತ್ತೊಂಬತ್ತರ ಕಾಗದ ಈಗ ನನ್ನ ಬಳಿ ಇಲ್ಲ. ತಿದ್ದಿ ನಿನಗೇ ಹಿಂದಿರುಗಿಸಿದ್ದೆ. ಆದರೂ ಅದರ ಪ್ರತಿಯೊಂದು ಮಾತು ನೆನಪಿದೆ. ವಾಕ್ಯ ಅಸ್ಪಷ್ಟವಾಗಿದೆ ಎಂದು ಬರೆದಿದ್ದೆ. ಅಸ್ಪಷ್ಟವಾಗಿರಲಿಲ್ಲ. ನಾನು ಓದುವ ಮೊದಲು ತಿದ್ದಿದೆ.

ಇನ್ನೊಂದು ಸಂಗತಿಯನ್ನು ತಿಳಿಸಬೇಕು. ಮೌಲಾ ಸಾಬ್ ಹೇಳಿದ್ದು ನನಗೆ ಕೇಳಿಸದೇ ಇದ್ದದ್ದು ರಸ್ತೆಯ ಗದ್ದಲದಿಂದಲ್ಲ. ಎರಡು ವರ್ಷಗಳಿಂದ ನನಗೆ ಕಿವಿ ಕೇಳಿಸುವುದಿಲ್ಲ. ಎದುರಿಗಿದ್ದವರ ತುಟಿಯನ್ನು ನೋಡಿ, ಅರ್ಧ ಊಹಿಸಿ, ತಲೆಯಾಡಿಸುತ್ತೇನೆ. ಮೀಸೆ ದಟ್ಟವಾಗಿರುವವರ ಮಾತು ಪೂರ್ತಿ ಊಹೆಯೇ. ಸಂಘದಲ್ಲಿ ಯಾರಿಗೂ ಹೇಳಿಲ್ಲ. ನಿನಗೆ ದೂರವಾಣಿ ಬೇಡವೆಂದದ್ದು ಇದೇ ಕಾರಣಕ್ಕೆ. ಕಾಗದ ನಿಲ್ಲುತ್ತದೆಂದು ಬರೆದದ್ದು ನೆಪ. ಅವನು ಆಕಾಶವನ್ನು ತೋರಿಸಿದ್ದು ಏಕೆಂದು ಇಂದು ತಿಳಿಯಿತು. ಅಂಗಡಿಗೆ ಹೋಗಿ, ಒಂದು ಚೀಟಿಯಲ್ಲಿ ಬರೆದು ಅವನ ಕೈಗೆ ಕೊಟ್ಟೆ. ಅವನು ಓದಿ, ಕೂರಲು ಗಾದಿಯೊಂದನ್ನು ಎಳೆದು ಹಾಕಿದ.

ಸಾಯಿಮಾಳ ಬಟ್ಟೆ ನನ್ನ ಕೌದಿಯ ನಡುವೆ ಇದೆ. ಕೂಸು ಹೋದದ್ದನ್ನು ಅರಿಯದೆ ಹೊಲಿದೆ. ಅಂಚಿನ ಪಟ್ಟಿಯನ್ನು ಕತ್ತರಿಸಿಲ್ಲ. ಕೌದಿಯನ್ನು ಹೀಗೆಯೇ ಈ ಕಾಗದದೊಂದಿಗೆ ಮೌಲಾ ಸಾಬ್‌ನ ಕೈಯಲ್ಲಿ ಕಳುಹಿಸುತ್ತಿದ್ದೇನೆ. ಹಳದಿ ಚೌಕವನ್ನು ಬಿಚ್ಚಿಕೊಳ್ಳುವುದೋ, ಕೌದಿಯನ್ನು ಪೂರ್ತಿಯಾಗಿ ಇಟ್ಟುಕೊಳ್ಳುವುದೋ, ಸಾಯಿಮಾಳಿಗೆ ಬಿಟ್ಟದ್ದು. ಸಂಘದಲ್ಲಿ ಮೂವತ್ತನೆಯ ತಾರೀಖು ನನ್ನ ಕೈ ಬರಿದಾಗಿದ್ದರೆ ಆಗಲಿ. ಕಾರಣ ಕೇಳಿದರೆ ಹೊಲಿಯಲಾಗಲಿಲ್ಲ ಎನ್ನುತ್ತೇನೆ.

ಕ್ಷಮಿಸು.

ಬಸವಣ್ಣೆಮ್ಮ


ಗುತ್ತೂರು
೨೬ ಆಗಸ್ಟ್ ೨೦೨೫

ಟೀಚರ್‌ಗೆ ನಮಸ್ಕಾರ.

ಗಂಟು ಬಂದು ಐದು ದಿವ್ಸ ಮೂಲ್ಯಾಗೆ ಹಂಗೇ ಇತ್ತು. ನಾನು ಬಿಚ್ಚಲಿಲ್ಲ. ಬಿಚ್ಚಿದ್ರೆ ಏನು ಹೇಳ್ಲಿ ಅಂತ ಹೆದರಿಕೆ. ಆರನೇ ದಿವ್ಸ ನಾನು ನೀರು ಹಿಡ್ದು ಒಳಗೆ ಬರೋದ್ರಾಗೆ ಸಾಯಿಮಾ ಎದ್ದು ಗಂಟು ಬಿಚ್ಕೊಂಡು ಕೂತಾಳೆ. ಹಳದಿ ಮ್ಯಾಲೆ ಕೈ ಇಟ್ಟಾಳೆ. ನಾನು ಬಿಂದಿಗೆ ಹಿಡ್ಕೊಂಡು ಹಂಗೇ ನಿಂತೆ.

ಆಮೇಲೆ ಬೆರಳಿಂದ ಹೊಲಿಗೆ ಸಾಲು ಸವರ್ಕೊಂತ ಹೋದ್ಳು. "ಅಮ್ಮಿ, ಇದ್ಯಾರು ಹೊಲಿದದ್ದು? ಎತ್ತು ಉಚ್ಚೆ ಹೊಯ್ಕೊಂಡು ಹೋದಂಗೆ ಐತೆ" ಅಂದ್ಳು.

ಟೀಚರ್, ತಿಂಗಳ ಮೇಲೆ ಐದು ದಿವ್ಸಕ್ಕೆ ನನ್ನ ಮಗಳು ಆಡಿದ ಮೊದಲ್ನೇ ಮಾತು ಅದು. ತಪ್ಪು ತಿಳೀಬ್ಯಾಡ್ರಿ. ನಾನು ಬಿಂದಿಗೆ ಇಳಿಸಿ ಅತ್ತೆ. ಅವಳೂ ಅತ್ಳು. ಆಮೇಲೆ ನಿಮ್ಮ ಕಾಗದ ಎಲ್ಲಾ ಓದಿದೆ, ಕೆಂಪು ಶಾಯೀದೂ ಓದಿದೆ. "ಬಿಚ್ಲಾ?" ಅಂದೆ. "ಬ್ಯಾಡ" ಅಂದ್ಳು. ಪಕ್ಕದಮನೆ ಶಹರ್ಬಾನು ಬಂದು "ಅಂಥಾ ಬಟ್ಟೆ ಇನ್ನೊಬ್ರ ಕೂಸಿಗೆ ಕೊಡ್ತಾರೇನೇ?" ಅಂತ ಗದರಿದ್ಳು. "ಬಟ್ಟೆ ಏನು ತಪ್ಪು ಮಾಡೈತೆ, ಖಾಲಾ?" ಅಂದ್ಳು ಸಾಯಿಮಾ.

ಪಟ್ಟಿ ಅವಳೇ ಓರೆ ಕತ್ತರಿಸಿದ್ಳು, ಉಳಿದ ಹಳದೀಲೇ. ಅವಳೇ ಮಿಷಿನ್ ಮ್ಯಾಲೆ ಕೂತು ಹೊಲಿದ್ಳು. ನಿಮ್ಮ ಸೊಟ್ಟ ಸಾಲು ಹಂಗೇ ಬಿಟ್ಟಾಳೆ, ಅವು ಟೀಚರ್‌ದು ಅಂತ. ಅವಳ ಸಣ್ಣ ಕೌದಿ ಇನ್ನೂ ತಲೆದಿಂಬಿನ ಕೆಳಗೇ ಐತೆ. ಇರ್ಲಿ ಅಂತ ಸುಮ್ಮನಿದೀನಿ.

ನಿಮ್ಮ ಕೌದೀಲಿ ಮೂರು ಮೂಲೆ ಮುಚ್ಚಾಳೆ. ನಾಲ್ಕನೇದು ಬಿಟ್ಟಾಳೆ. ವಾರ್ಡಿನಾಗೆ ಯಾವ ಕೂಸಿಗೆ ಕೊಡ್ತೀರೋ ಅದು ಅಳೋದು ನೋಡಿ, ಅಲ್ಲೇ ನಿಮ್ಮ ಕೈಲಿ ಮುಚ್ಚಬೇಕಂತೆ. ಕೌದಿ ಮೌಲಾ ಕೈಲಿ ವಾಪಸ್ ಕಳಿಸೀನಿ, ಸೂಜಿ, ದಾರ ಮೂಲ್ಯಾಗೆ ಸಿಗಿಸೀನಿ. ಹೊರಡೋ ಮುಂಚೆ ತೆಗೆದು ಚೀಲಕ್ಕೆ ಹಾಕ್ಕೊಳ್ರಿ, ಮರೀಬ್ಯಾಡ್ರಿ.

ನಿಮಗೆ ಕಿವಿ ಕೇಳಲ್ಲ ಅಂತ ಬೀದಿಗೆಲ್ಲಾ ಗೊತ್ತಂತೆ. ಮೌಲಾ ಅದಕ್ಕೇ ಅವತ್ತು ಕೈ ಮಾಡಿ ತೋರಿಸಿದ್ನಂತೆ. ಗೊತ್ತಿಲ್ಲ ಅಂದ್ಕೊಂಡಿದ್ದು ನೀವೊಬ್ರೇ. ಅಳೋದು ಕೇಳ್ದೇ ಇದ್ರೆ ಯಾರನ್ನಾದ್ರೂ ಕೇಳ್ರಿ. ನಾಚಿಕೆ ಬ್ಯಾಡ.

ಹಜೀರಾ


ವಿನೋಬನಗರ
೩೧ ಆಗಸ್ಟ್ ೨೦೨೫

ಹಜೀರಾಳಿಗೂ ಸಾಯಿಮಾಳಿಗೂ,

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಹನ್ನೊಂದು ಕೌದಿಗಳು ಪ್ಲಾಸ್ಟಿಕ್ ಹೊದಿಕೆಯಲ್ಲಿ ಬಂದಿದ್ದವು. ನನ್ನದು ಹಳೆಯ ಪಂಚೆಯಲ್ಲಿತ್ತು. ಸಂಘದ ಕಾರ್ಯದರ್ಶಿ ಮೂಲೆಯನ್ನು ಹಿಡಿದು, ಇಲ್ಲಿ ಬಿಚ್ಚಿಕೊಂಡಿದೆ ಎಂದು ಸನ್ನೆ ಮಾಡಿದರು. ಬಿಚ್ಚಿಕೊಂಡದ್ದಲ್ಲ, ಬಿಟ್ಟದ್ದು ಎಂದೆ. ನನಗೆ ಕಿವಿ ಕೇಳಿಸುವುದಿಲ್ಲ, ಇನ್ನು ಮುಂದೆ ಹೇಳುವುದನ್ನು ಬರೆದು ತೋರಿಸಿ ಎಂದೂ ಹೇಳಿದೆ. ಯಾರಿಗೂ ಆಶ್ಚರ್ಯವಾಗಲಿಲ್ಲ. ಈ ವಿಷಯದಲ್ಲಿ ನೀನು ಬರೆದದ್ದು ಸರಿ.

ಪುಸ್ತಕವೊಂದರಲ್ಲಿ ದಾನಿಯ ಹೆಸರು, ವಸ್ತುವಿನ ಹೆಸರು ಬರೆಯಬೇಕಿತ್ತು. ದಾನಿಯ ಅಂಕಣದಲ್ಲಿ ಸಾಯಿಮಾ, ಹಜೀರಾಬೀ, ಬಸವಣ್ಣೆಮ್ಮ ಎಂದು ಬರೆದೆ. ಒಂದೇ ಸಾಲಿನಲ್ಲಿ ಹಿಡಿಸಿತು. ವಸ್ತುವಿನ ಅಂಕಣದಲ್ಲಿ "ಕೂಸು" ಎಂದು ಬರೆದೆ. ಕಾರ್ಯದರ್ಶಿ ಹೊಡೆದುಹಾಕಲು ಬಂದರು. ಕಸುಬಿನವರ ಪದ, ಹಾಗೆಯೇ ಇರಲಿ ಎಂದೆ.

ವಾರ್ಡಿನಲ್ಲಿ ಬಾಗಿಲಿನಿಂದ ಮೂರನೆಯ ಮಂಚ. ತಾಯಿ ಲೋಕಿಕೆರೆಯವಳು, ಚಿಕ್ಕ ವಯಸ್ಸಿನವಳು, ನಿದ್ದೆಗಣ್ಣಿನಲ್ಲಿದ್ದಳು. ಮಗು ಹೆಣ್ಣು, ಹುಟ್ಟಿ ಎರಡು ದಿನ. ಬಾಯಿ ತೆರೆದಿತ್ತು. ಮುಖ ಕೆಂಪಾಗಿತ್ತು. ಆಕಳಿಸುವಾಗಲೂ ಮಗು ಹಾಗೆಯೇ ಬಾಯಿ ತೆರೆಯುತ್ತದೆ. ಈ ಒಂದು ವಿಷಯದಲ್ಲಿ ಊಹಿಸಬಾರದೆಂದು ನಿರ್ಧರಿಸಿದ್ದೆ. ಪಕ್ಕದಲ್ಲಿದ್ದ ಶುಶ್ರೂಷಕಿಯನ್ನು, ಅಂಬಿಕಾ ಎಂದು ಎದೆಯ ಮೇಲಿನ ಪಟ್ಟಿಯಲ್ಲಿತ್ತು, ಕೇಳಿದೆ. ಆಕೆ ಏನೋ ಹೇಳಿದಳು. ಬರೆದು ತೋರಿಸಮ್ಮ ಎಂದು ಚೀಲದಿಂದ ಚೀಟಿಯನ್ನು ತೆಗೆದುಕೊಟ್ಟೆ.

ಆಕೆ ದಕ್ಷಿಣದ ಕಡೆಯವಳಿರಬೇಕು. ಅಕಾರವಿರಬೇಕಾದಲ್ಲಿ ಹಕಾರವನ್ನು ಹಾಕಿ, "ಮಗು ಹಳುತ್ತಿದೆ ಅಜ್ಜಿ" ಎಂದು ಬರೆದಳು.

ಓದಿದೆ. ಇನ್ನೊಮ್ಮೆ ಓದಿದೆ. ಚೀಲದಲ್ಲಿ ಕೆಂಪು ಲೇಖನಿಯೂ ಇತ್ತು, ಸೂಜಿಯೂ ಇತ್ತು. ಸೂಜಿಯನ್ನು ತೆಗೆದೆ.

ನಿಮ್ಮ,
ಟೀಚರ್